ಅಗೆಯುವ ಯಂತ್ರದ ನೀರಿನ ಪಂಪು



ಎಕ್ಸ್‌ಕವೇಟರಿನ ಇಂಜಿನು ವಿಪರೀತ ಕಾದಾಗ ಮಾಲೀಕರ ಅವಸರಕ್ಕೆ ಮಣಿದು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಕೂಡದು. ಹಬೆ ತುಂಬಿದ ಪ್ರೆಷರ್ ಕುಕ್ಕರನ್ನು ಹೋಟೆಲಿನ ನಮ್ಮ ಸೋದರರು ತೆರೆಯುವರೇ? ಯಂತ್ರ ಆರಲಿ, ಗೊಣಗುವವರು ಗೊಣಗಲಿ.

ಆರಿದ ಮೇಲೆ ನಾವು ನೋಡಬೇಕಾದದ್ದು ನೀರಿನ ಪಂಪಿನ ಅಡಿಯ ಸಣ್ಣ ತೂತನ್ನು. ಒಣಗಿದ ಕಲೆಯಷ್ಟೇ ಇದ್ದರೆ ಗಾಬರಿಯಿಲ್ಲ. ನೀರು ತೊಟ್ಟಿಕ್ಕುತ್ತಿದ್ದರೆ ಒಳಗಿನ ಸೀಲು ಸವೆದಿದೆ, ಪಂಪು ಬದಲಿಸಬೇಕು. ಕೆಲವರು ಆ ತೂತಿಗೇ ಬೆಣೆ ಹೊಡೆಯುತ್ತಾರೆ! ಆಗ ನೀರು ಬೇರಿಂಗಿಗೆ ನುಗ್ಗುತ್ತದೆ. ಬೆಲ್ಟು ಕಳಚಿ ಅಲುಗಿಸಿದಾಗ ಪುಲ್ಲಿ ಲಟಲಟ ಎಂದರೆ ಬೇರಿಂಗೂ ಹೋದಂತೆಯೇ. ಪಂಪು ನಿಂತರೆ ಇಂಜಿನಿನ ಹೆಡ್ಡೇ ಸೊಟ್ಟಾದೀತು. ದೂರು ಬರುವುದು ಚಾಲಕನ ತಲೆಗೆ.

ನೀರಿಳಿಸಿ, ಹಳೆಯ ಗ್ಯಾಸ್ಕೆಟನ್ನು ಚೂರೂ ಉಳಿಯದಂತೆ ಕೆರೆದು, ಹೊಸದನ್ನಿಟ್ಟು, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯೋಣ. ಕೂಲೆಂಟು ತುಂಬಿ, ಗಾಳಿ ಹೊರಡಿಸಿ, ಇಂಜಿನು ಓಡಿಸಿ, ಅದೇ ತೂತನ್ನು ಮತ್ತೆ ನೋಡೋಣ.