ಸೌಲರನ್ನು ಸಹೋದರನೆಂದವರು

ಇಂದು ನಾವು ಪೇತ್ರರೊಡನೆ ಸ್ಮರಿಸುವ ಸಂತ ಪೌಲರು ಹಿಂದೆ ಸೌಲರಾಗಿದ್ದಾಗ, ಸ್ತೇಫನರನ್ನು ಕಲ್ಲೆಸೆದು ಕೊಂದವರ ಬಟ್ಟೆ ಕಾಯುತ್ತಿದ್ದರು. ಅದನ್ನೇ ದೇವರ ಸೇವೆಯೆಂದು ನಂಬಿದ್ದರು.

2000ದ ಜುಲೈ 9ರಂದು, ವಾಡಿ, ಹುಬ್ಬಳ್ಳಿಗಳ ಬಳಿಕ, ಬೆಂಗಳೂರಿನ ಜಗಜೀವನರಾಮ ನಗರದ ಸಂತ ಪೇತ್ರ-ಪೌಲರ ದೇವಾಲಯದಲ್ಲೂ ಬಾಂಬ್ ಸಿಡಿಯಿತು. ನಮ್ಮಲ್ಲಿ ಹಲವರು ಹಿಂದೂಗಳತ್ತ ಬೆರಳು ತೋರಿದೆವು. ಅದೇ ರಾತ್ರಿ ಮಾಗಡಿ ರಸ್ತೆಯಲ್ಲಿ ವ್ಯಾನೊಂದು ಸಿಡಿದು, ಒಳಗಿದ್ದ ಇಬ್ಬರು ಸತ್ತರು. ದೀನ್‌ದಾರ್ ಅಂಜುಮನ್ ಪಂಥದವರ ಕೈವಾಡ ಬಯಲಾಯಿತು. ಹಿಂದೂಗಳನ್ನೂ ನಮ್ಮನ್ನೂ ಎತ್ತಿಕಟ್ಟುವುದೇ ಅವರ ಉದ್ದೇಶವೆಂದು ತನಿಖೆ ಹೇಳಿತು. ಅಂದರೆ ನಮ್ಮ ಬೆರಳು ಅವರ ಕೆಲಸವನ್ನೇ ಮಾಡಿತ್ತು!

ಆಮೇಲಾದರೂ ಬೆರಳು ಮಡಚಿದೆವೇ? ಇಲ್ಲ, ಎಲ್ಲ ಮುಸ್ಲಿಮರತ್ತ ತಿರುಗಿಸಿದೆವು. ನಮ್ಮ ಮಕ್ಕಳಿಗೆ ಬಣ್ಣದ ಗೊಂಬೆ ಕಡೆದುಕೊಡುವ ಚನ್ನಪಟ್ಟಣದ ಸಾಬರು ಏನು ತಪ್ಪು ಮಾಡಿದ್ದರು?

ದಮಸ್ಕಸಿನ ಅನನೀಯರಿಗೂ ಸೌಲರೆಂದರೆ ಭಯವಿತ್ತು. ಆದರೂ ಆ ಮನೆಗೆ ಹೋದರು, ಕೈಯಿಟ್ಟು ಸಹೋದರನೆಂದು ಕರೆದರು. ಹೊಂಗನೂರಿನ ನಾವು ಇಂದಿನ ಹಬ್ಬದೂಟಕ್ಕೆ ಪಕ್ಕದ ಮನೆಯವರನ್ನು ಕರೆದಿದ್ದೇವೆಯೇ?