ಮಾನ್ವಿಯವರು ಶಾಸನಸಭೆಗೆ ಎಂತಹವರನ್ನು ಕಳುಹಬೇಕು?

(ಮಾನ್ವಿಯಲ್ಲಿ ಮತದಾರರ ಸಭೆಯ ಮುಂದೆ ಮಾಡಿದ ಭಾಷಣ)



ಶಾಸನಸಭೆಗೆ ಪ್ರಗತಿಪರ ಉಮೇದುವಾರರನ್ನೇ ಆರಿಸಿ ಕಳುಹಬೇಕೆಂದು ಅರಿಕೆ ಮಾಡಿಕೊಳ್ಳುವುದಕ್ಕಾಗಿ ನಾವು ಈ ಹೊತ್ತು ನಿಮ್ಮ ಮುಂದೆ ನಿಂತಿರುವೆವು. ‘ಪ್ರಗತಿಪರ’ ಎಂಬ ಮಾತು ಈಗ ಎಲ್ಲರ ನಾಲಗೆಯ ಮೇಲೂ ಸುಲಭವಾಗಿ ಹೊರಳುತ್ತದೆ. ಚುನಾವಣೆ ಸಮೀಪಿಸಿದಾಗ ತಾವು ಹಿಂದಕ್ಕೆ ಎಳೆಯುವವರೆಂದು ಹೇಳಿಕೊಳ್ಳುವ ಪಕ್ಷ ಯಾವುದೂ ಇಲ್ಲ. ಆದುದರಿಂದ ಯಾರದಾದರೂ ಹೆಸರು ಹಿಡಿದು ಜಯಕಾರ ಮಾಡುವುದಕ್ಕೆ ಮೊದಲು, ಆ ಮಾತನ್ನು ಅಳೆಯುವ ಕೋಲು ಯಾವುದೆಂಬುದನ್ನು ನಿಮ್ಮೊಡನೆ ವಿಚಾರ ಮಾಡುವುದು ಕರ್ತವ್ಯವೆಂದು ತಿಳಿದಿದ್ದೇವೆ. ಆ ಕೋಲನ್ನು ಅರಸಿಕೊಂಡು ದೂರದೇಶಗಳಿಗೆ ಹೋಗಬೇಕಾಗಿಲ್ಲ. ಅದು ನಿಮ್ಮ ಹೊಲದ ಬದುವಿನಲ್ಲಿಯೇ ಉಂಟು.

ಮೊದಲು ಈ ಮತವೆಂಬ ಸೊತ್ತು ನಮಗೆ ಹೇಗೆ ಬಂದಿತೆಂಬುದನ್ನು ನೆನೆಯೋಣ. ನಿಜಾಮರ ಆಳಿಕೆಯಲ್ಲಿ ರಾಯಚೂರು, ಕಲಬುರಗಿ, ಬೀದರ ಈ ಮೂರು ಕನ್ನಡ ಜಿಲ್ಲೆಗಳ ಜನರಿಗೆ ಜವಾಬ್ದಾರಿ ಸರಕಾರವೆಂಬುದು ಇರಲಿಲ್ಲ. ೧೯೩೮ರಲ್ಲಿ ಹುಟ್ಟಿದ ಹೈದರಾಬಾದು ಸಂಸ್ಥಾನದ ಕಾಂಗ್ರೆಸ್ಸು ಹುಟ್ಟುತ್ತಲೇ ನಿಷೇಧಕ್ಕೆ ಗುರಿಯಾಯಿತು. ಅಂತಹ ಕಾಲದಲ್ಲಿಯೂ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದರು. ೧೯೩೪ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಲನವು ರಾಯಚೂರಿನಲ್ಲಿಯೇ ಜರುಗಿತು. ೧೯೪೮ನೆಯ ಸೆಪ್ಟೆಂಬರ ೧೭ರಂದು ಆ ಆಳಿಕೆ ಮುಗಿಯಿತು. ೧೯೫೨ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಜಮೀನುದಾರನಿಗೂ ಅವನ ಹೊಲದಲ್ಲಿ ಕೂಲಿ ಮಾಡುವ ಹೆಣ್ಣುಮಗಳಿಗೂ ಒಂದೊಂದೇ ಮತವೆಂಬ ನ್ಯಾಯವು ಈ ನೆಲದಲ್ಲಿ ಮೊದಲ ಬಾರಿಗೆ ನಡೆಯಿತು. ೧೯೫೬ರ ನವೆಂಬರ ೧ರಂದು ನಾವು ಏಕೀಕೃತ ಕನ್ನಡ ಪ್ರಾಂತದಲ್ಲಿ ಸೇರಿದೆವು. ಅದೇ ವರುಷ ಶ್ರೀರಂಗರ ಅಧ್ಯಕ್ಷತೆಯಲ್ಲಿ ಸಮ್ಮೇಲನವು ಮತ್ತೆ ರಾಯಚೂರಿಗೆ ಬಂದಿತು.

ಪ್ರಾಂತವು ಒಂದಾದುದು ಭೂಪಟದ ಗೆರೆ ತಿದ್ದುವುದಕ್ಕಾಗಿ ಅಲ್ಲ. ಕನ್ನಡ ಮಾತನಾಡುವ ಕಟ್ಟಕಡೆಯ ಹಳ್ಳಿಗೂ ಸರಕಾರದ ಕಿವಿ ತೆರೆದಿರಬೇಕೆಂಬುದಕ್ಕಾಗಿ. ಅದು ಎಷ್ಟರ ಮಟ್ಟಿಗೆ ಈಡೇರಿತು? ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ವರದಿಯನ್ನು ಒಪ್ಪಿಸಿತು. ಆಗಿನ ೧೭೫ ತಾಲ್ಲೂಕುಗಳಲ್ಲಿ ೧೧೪ನ್ನು ಹಿಂದುಳಿದವೆಂದೂ, ಅವುಗಳಲ್ಲಿ ೩೯ನ್ನು ಅತ್ಯಂತ ಹಿಂದುಳಿದವೆಂದೂ ಅದು ಗುರುತಿಸಿತು. ಆ ೩೯ರಲ್ಲಿ ೨೧ ಕಲಬುರಗಿ ವಿಭಾಗದವು. ಎಲ್ಲಕ್ಕೂ ಕೆಳಗಿನ ಮೆಟ್ಟಲಿನಲ್ಲಿ ನಿಂತುದು ನಮ್ಮ ನೆರೆಯ ದೇವದುರ್ಗ. ಒಂದೇ ಮನೆಯಲ್ಲಿ ಸೇರಿ ಅರ್ಧ ಶತಮಾನ ಕಳೆಯುತ್ತ ಬಂದರೂ ಊಟದ ಪಂಕ್ತಿಯಲ್ಲಿ ನಮ್ಮ ಎಲೆ ಕೊನೆಗೇ ಉಳಿದಿತ್ತೆಂಬುದನ್ನು ಆ ವರದಿಯು ಲೆಕ್ಕದಿಂದ ತೋರಿಸಿಕೊಟ್ಟಿತು.

ಇನ್ನು ಮನೆಯ ಒಳಗಿನ ಪಂಕ್ತಿಯನ್ನು ನೋಡೋಣ. ೧೯೪೫ರಲ್ಲಿ ಕೆಲಸ ಮೊದಲಾಗಿ ೧೯೫೩ರಲ್ಲಿ ಮುಗಿದ ತುಂಗಭದ್ರೆಯ ಅಣೆಕಟ್ಟಿನಿಂದ ಎಡದಂಡೆಯ ಕಾಲುವೆ ಹೊರಟು, ಗಂಗಾವತಿ, ಸಿಂಧನೂರುಗಳನ್ನು ದಾಟಿ ಮಾನ್ವಿಗೂ ಮುಂದೆ ರಾಯಚೂರಿಗೂ ಬರುತ್ತದೆ. ಅದರ ಉದ್ದ ೨೨೭ ಕಿಲೋಮೀಟರು. ಈ ಕಾಲುವೆಯನ್ನು ಯೋಜಿಸಿದವರ ಉದ್ದೇಶವು, ಇದ್ದ ನೀರನ್ನು ತೆಳುವಾಗಿ ಹರಡಿ, ಬರಗಾಲಕ್ಕೆ ತುತ್ತಾಗುವ ವಿಸ್ತಾರವಾದ ನೆಲವನ್ನು ಕಾಪಾಡುವುದಾಗಿತ್ತು. ಜೋಳ, ಹತ್ತಿ, ಶೇಂಗಾ ಇವೇ ಮುಖ್ಯ ಬೆಳೆಗಳೆಂದೂ, ಬತ್ತಕ್ಕೆ ಮಿತವಾದ ಭಾಗವೆಂದೂ ಗೊತ್ತು ಮಾಡಿದ್ದರು. ನಡೆದುದು ಬೇರೆ. ಮೇಲ್ಭಾಗದಲ್ಲಿ ಬತ್ತದ ಗದ್ದೆಗಳು ಹಬ್ಬಿದವು. ಬತ್ತವು ಜೋಳಕ್ಕಿಂತ ಎಷ್ಟೋ ಪಟ್ಟು ಹೆಚ್ಚು ನೀರನ್ನು ಕುಡಿಯುತ್ತದೆ. ಇದರ ಮೇಲೆ, ೧೩೩ ಟಿ. ಎಂ. ಸಿ. ನೀರು ಹಿಡಿಯಬೇಕಾದ ಜಲಾಶಯವು ಹೂಳು ತುಂಬಿ ಸುಮಾರು ೧೦೫ಕ್ಕೆ ಇಳಿದಿದೆ. ೨೦೨೪ರ ಆಗಸ್ಟ ೧೦ರ ರಾತ್ರಿ ೧೯ನೆಯ ಬಾಗಿಲು ಕಿತ್ತುಹೋದಾಗ ಈ ಸೀಮೆಯ ಒಕ್ಕಲಿಗರೆಲ್ಲರ ಎದೆ ನಡುಗಿತು. ಆದರೆ ಕೊನೆಯ ಭಾಗದವರಿಗೆ ಆ ನಡುಕ ಹೊಸದಾಗಿರಲಿಲ್ಲ. ಅಣೆಕಟ್ಟು ತುಂಬಿದ ವರುಷವೂ ನೀರು ತಮ್ಮ ತೂಬಿಗೆ ಬಂದೀತೋ ಬಾರದೋ ಎಂದು ಕಾಯುವುದೇ ಅವರ ಬಾಳಾಗಿದೆ.

ಕಾಲುವೆಗೆ ಯಾವ ದಿನ ನೀರು ಬಿಡಬೇಕು, ಎಲ್ಲಿಯವರೆಗೆ ಬಿಡಬೇಕು ಎಂಬುದನ್ನು ನಿರ್ಣಯಿಸುವ ನೀರಾವರಿ ಸಲಹಾ ಸಮಿತಿಯಲ್ಲಿ ಮಂತ್ರಿಗಳೊಡನೆ ಈ ಪ್ರದೇಶದ ಶಾಸಕರೂ ಕುಳಿತುಕೊಳ್ಳುತ್ತಾರೆ. ನಿಮ್ಮ ಒಂದು ಮತವು ಆ ಮೇಜಿನವರೆಗೆ ಮುಟ್ಟುತ್ತದೆ. ಹೀಗಿರಲು ನಾವು ಹೇಳುವ ಅಳತೆಗೋಲು ಇದು: ಯಾವ ಉಮೇದುವಾರರು ಕೊನೆಯ ತೂಬಿನವನ ಪಕ್ಷವನ್ನು ಮೇಲಿನ ತೂಬಿನವನ ಎದುರಿಗೆ ನಿಂತು ಹೇಳಬಲ್ಲರೋ ಅವರೇ ಪ್ರಗತಿಪರರು. ಸಿಂಧನೂರಿನ ಒಕ್ಕಲಿಗನಾಗಲಿ ಗಂಗಾವತಿಯ ಒಕ್ಕಲಿಗನಾಗಲಿ ನಮ್ಮ ವೈರಿಯಲ್ಲ; ಅವನೂ ಸಾಲದ ಹೊರೆ ಹೊತ್ತು ಬೆಳೆದವನೇ. ನಮ್ಮ ತಾಲ್ಲೂಕಿನೊಳಗೂ ಮೇಲಿನ ತೂಬು ಕೆಳಗಿನ ತೂಬು ಎಂಬುದುಂಟು. ಆದುದರಿಂದ ಪರರೂರಿನವರನ್ನು ಬಯ್ದು ಚಪ್ಪಾಳೆ ಗಿಟ್ಟಿಸುವುದು ಧೈರ್ಯವಲ್ಲ. ತನಗೇ ಮತ ಕೊಡುವ ಬಲವಂತರ ಮುಂದೆ, ‘ನಿಮ್ಮ ಪಾಲಿಗಿಂತ ಹೆಚ್ಚು ಎಳೆಯಕೂಡದು’ ಎಂದು ನುಡಿಯುವುದೇ ಧೈರ್ಯ.

ಈ ಅಳತೆಯು ನೀರಿಗೆ ಮಾತ್ರ ಸಲ್ಲತಕ್ಕದ್ದಲ್ಲ. ಸುಗ್ಗಿ ಮುಗಿಯುತ್ತಲೇ ಮನೆಗೆ ಬೀಗ ಹಾಕಿ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೊರಡುವ ಸಂಸಾರಗಳನ್ನು ನೋಡಿರಿ. ಅವರ ಮಕ್ಕಳ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿರುತ್ತದೆ; ಮಗು ಇರುವುದಿಲ್ಲ. ಶಿಕ್ಷಕರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾದುದಿಲ್ಲ. ವೈಜನಾಥ ಪಾಟೀಲರೇ ಮೊದಲಾದವರ ದೀರ್ಘ ಹೋರಾಟದಿಂದ, ೨೦೧೨ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನದ ೯೮ನೆಯ ತಿದ್ದುಪಡಿಯ ಮೂಲಕ ೩೭೧ಜೆ ಎಂಬ ವಿಧಿಯು ನಮಗೆ ದೊರೆಯಿತು. ಅದರಂತೆ ಈ ಪ್ರದೇಶದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ ೭೦ ಸ್ಥಾನಗಳು ಸ್ಥಳೀಯರಿಗೆ. ಪ್ರದೇಶದ ನೌಕರಿಗಳಲ್ಲಿ ಮೊದಲೆರಡು ದರ್ಜೆಗಳಲ್ಲಿ ೭೫, ಮೂರನೆಯದರಲ್ಲಿ ೮೦, ನಾಲ್ಕನೆಯದರಲ್ಲಿ ೮೫. ಇದು ದೊಡ್ಡ ಲಾಭವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾಲೇಜಿನ ಸ್ಥಾನವು ಕಾಲೇಜಿನ ಬಾಗಿಲವರೆಗೆ ನಡೆದುಹೋದ ಮಗುವಿಗೆ ತಾನೆ ಸಿಕ್ಕುವುದು? ಐದನೆಯ ಇಯತ್ತೆಯಲ್ಲಿಯೇ ಗುಳೆ ಹೋದ ಮಗುವಿಗೆ ಆ ವಿಧಿಯು ಕಾಗದದ ಮೇಲಿನ ನೀರು. ಆ ಮಗುವಿಗೂ ಅದನ್ನು ಮುಟ್ಟಿಸುವ ವಿಚಾರವಿದ್ದವರು ನಮ್ಮ ಉಮೇದುವಾರರು.

ಈಗ ನಮ್ಮ ಕ್ಷೇತ್ರದ ವಿಶೇಷವನ್ನು ಅರಿಕೆ ಮಾಡುವೆವು. ೨೦೦೮ರ ಪುನರ್ವಿಂಗಡಣೆಯಿಂದ ರಾಯಚೂರು ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ಮಾನ್ವಿ, ದೇವದುರ್ಗ, ಮಸ್ಕಿ, ರಾಯಚೂರು ಗ್ರಾಮಾಂತರ ಈ ನಾಲ್ಕು ಪರಿಶಿಷ್ಟ ಪಂಗಡಕ್ಕೂ, ಲಿಂಗಸುಗೂರು ಪರಿಶಿಷ್ಟ ಜಾತಿಗೂ ಮೀಸಲಾದವು. ನಾಯಕ, ಬೇಡ, ವಾಲ್ಮೀಕಿ ಎಂದು ಕರೆಯಿಸಿಕೊಳ್ಳುವ ಜನಸಮುದಾಯವು ಆ ಪಟ್ಟಿಯಲ್ಲಿ ೧೯೯೧ರಲ್ಲಿ ಸೇರಿತು. ಮೀಸಲಾತಿಯಿಂದ ತಮಗೇನು ಬಂತೆಂದು ಕೆಲವರು ಗೊಣಗುವುದುಂಟು. ನಾವು ಅದನ್ನು ಬೇರೆ ಬಗೆಯಾಗಿ ಕಾಣುತ್ತೇವೆ. ಕಣದಲ್ಲಿ ನಿಂತವರೆಲ್ಲರೂ ಒಂದೇ ಪಟ್ಟಿಯಿಂದ ಬಂದವರಾದ ಮೇಲೆ ‘ಜಾತಿ ಯಾವುದು?’ ಎಂಬ ಪ್ರಶ್ನೆಗೆ ಕೆಲಸವಿಲ್ಲ; ‘ನೀತಿ ಯಾವುದು?’ ಎಂಬುದೊಂದೇ ಉಳಿಯುತ್ತದೆ. ಇಂತಹ ಅವಕಾಶವು ಎಷ್ಟು ಕ್ಷೇತ್ರಗಳಿಗೆ ಉಂಟು? ಆದರೆ ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಕುರ್ಚಿಯ ಮೇಲೆ ಕೂಡ್ರುವವರು ಮೀಸಲಾತಿಯವರಾಗಿ, ಕುರ್ಚಿಯನ್ನು ಹಿಡಿದು ತಿರುಗಿಸುವ ಕೈ ಹಳೆಯ ದೊಡ್ಡವರದೇ ಆದರೆ ಮೀಸಲಾತಿಯ ಆಶಯ ಕೆಡುತ್ತದೆ. ತನ್ನ ಕಾಲ ಮೇಲೆ ತಾನು ನಿಲ್ಲುವ ಉಮೇದುವಾರರು ನಮಗೆ ಬೇಕು. ಗಂಡಸರೇ ಆಗಬೇಕೆಂಬ ನಿಯಮವೂ ಇಲ್ಲ. ೨೦೨೩ರಲ್ಲಿ ೨೨೪ ಜನರ ಶಾಸನಸಭೆಗೆ ಆರಿಸಿಬಂದ ಹೆಂಗಸರು ಹತ್ತೇ ಮಂದಿ. ಅವರಲ್ಲೊಬ್ಬರಾದ ಶ್ರೀಮತಿ ಕರೆಮ್ಮ ನಾಯಕರನ್ನು ಕಳುಹಿದುದು ನಮ್ಮ ನೆರೆಯ ದೇವದುರ್ಗವೇ.

ಬಡವರ ಪಕ್ಷ ಹಿಡಿದವರು ಚುನಾವಣೆಯಲ್ಲಿ ಗೆಲ್ಲಬಲ್ಲರೇ ಎಂದು ನೀವು ಕೇಳಬಹುದು. ಕನ್ನಡನಾಡಿನಲ್ಲಿಯೇ ಅದಕ್ಕೆ ಉತ್ತರವುಂಟು. ಮಲೆನಾಡಿನ ಸಾಗರದ ಹತ್ತಿರ ಕಾಗೋಡಿನಲ್ಲಿ, ಗೇಣಿಯನ್ನು ಅಳೆಯುವ ಕೊಳಗವು ನ್ಯಾಯವಾಗಿರಬೇಕೆಂದು ಗೇಣಿದಾರರು ೧೯೫೧ರಲ್ಲಿ ಸತ್ಯಾಗ್ರಹ ಹೂಡಿದರು. ಅವರೊಡನೆ ಸೆರೆಮನೆಗೆ ಹೋಗಲು ಸಿದ್ಧರಾಗಿ ನಿಂತ ಸಮಾಜವಾದಿ ಯುವಕರು ಶಾಂತವೇರಿ ಗೋಪಾಲಗೌಡರು. ಮರುವರುಷವೇ, ಇನ್ನೂ ಮೂವತ್ತು ತುಂಬದ ಅವರನ್ನು ಸಾಗರ-ಹೊಸನಗರದ ಜನರು ಮೈಸೂರು ಶಾಸನಸಭೆಗೆ ಆರಿಸಿ ಕಳುಹಿದರು. ಅವರಿಗೆ ಮಂತ್ರಿಪದವಿ ಇರಲಿಲ್ಲ, ಆಳುವ ಪಕ್ಷದ ಬಲವಿರಲಿಲ್ಲ. ಆದರೂ ಗೇಣಿದಾರನ ಮಾತೂ ಕನ್ನಡದ ಮಾತೂ ಆ ಸಭೆಯಲ್ಲಿ ಅವರ ಕಂಠದಿಂದ ಮೊಳಗಿದವು. ಗೌಡರು ೧೯೭೨ರಲ್ಲಿ ತೀರಿಕೊಂಡರು. ಉಳುವವನಿಗೆ ನೆಲವನ್ನು ಕೊಡುವ ತಿದ್ದುಪಡಿಯು ದೇವರಾಜ ಅರಸರ ಕಾಲದಲ್ಲಿ ೧೯೭೪ರ ಮಾರ್ಚ ೧ರಿಂದ ಜಾರಿಗೆ ಬಂತು. ಬಿತ್ತಿದವರೊಬ್ಬರು, ಕೊಯ್ದವರೊಬ್ಬರು. ಬಿತ್ತುವವರು ಇಲ್ಲದಿದ್ದರೆ ಕೊಯ್ಲು ಎಲ್ಲಿಯದು?

‘ಆಳುವ ಪಕ್ಷದವರನ್ನು ಕಳುಹಿದರೆ ಮಾತ್ರ ಕೆಲಸವಾದೀತು’ ಎಂಬವರಿಗೆ ಇದೇ ನಮ್ಮ ಸಮಾಧಾನ. ಆಳುವ ಪಕ್ಷಗಳು ಬಂದವು, ಹೋದವು. ಕೊನೆಯ ತೂಬು ಇದ್ದಲ್ಲಿಯೇ ಇದೆ. ಪಕ್ಷ ಯಾವುದಾದರೂ ಆಗಲಿ, ಮೇಲೆ ಹೇಳಿದ ಅಳತೆಗೆ ಸರಿಬಂದವರನ್ನು ಬೆಂಬಲಿಸಿರಿ. ಬಾರದವರನ್ನು, ಅವರು ನಮ್ಮ ಬಂಧುಗಳೇ ಆಗಿದ್ದರೂ, ಬಿಟ್ಟುಬಿಡಿರಿ.

ಬೆಂಬಲವೆಂದರೆ ಮೆರವಣಿಗೆಯಲ್ಲಿ ಕೂಗುವುದಷ್ಟೇ ಅಲ್ಲ. ಮೊದಲನೆಯದಾಗಿ, ಪ್ರತಿಯೊಬ್ಬ ಉಮೇದುವಾರರೂ ತಮ್ಮ ಆಸ್ತಿ, ಸಾಲ, ವಿದ್ಯೆ, ತಮ್ಮ ಮೇಲಿರುವ ಮೊಕದ್ದಮೆ ಇವುಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕೆಂಬ ನಿಯಮವು ೨೦೦೩ರಿಂದ ನಡೆದುಬಂದಿದೆ. ಓದುಬಲ್ಲವರು ಅದನ್ನು ಓದು ಬಾರದವರಿಗೆ ಓದಿ ಹೇಳಿರಿ. ಎರಡನೆಯದಾಗಿ, ಕೊನೆಯ ತೂಬಿನ ನೀರು, ಗುಳೆ ಹೋಗುವವರ ಮಕ್ಕಳ ಶಾಲೆ, ಖಾಲಿ ಬಿದ್ದ ಶಿಕ್ಷಕರ ಹುದ್ದೆ ಈ ಮೂರರ ವಿಷಯದಲ್ಲಿ ಏನು ಮಾಡುವಿರೆಂದು ಬರಹದಲ್ಲಿ ಕೇಳಿರಿ. ಉತ್ತರವನ್ನೂ ಬರಹದಲ್ಲಿಯೇ ಪಡೆಯಿರಿ. ಮೂರನೆಯದು ಹಣದ ಮಾತು. ಪರಿಶಿಷ್ಟ ಪಂಗಡದ ಉಮೇದುವಾರರು ಶಾಸನಸಭೆಗೆ ನಿಲ್ಲಲು ಕಟ್ಟಬೇಕಾದ ಠೇವಣಿ ಐದು ಸಾವಿರ ರೂಪಾಯಿ. ಒಬ್ಬ ಉಮೇದುವಾರರು ಮಾಡಬಹುದಾದ ವೆಚ್ಚದ ಮಿತಿಯನ್ನು ೨೦೨೨ರಲ್ಲಿ ನಾಲ್ವತ್ತು ಲಕ್ಷಕ್ಕೆ ಏರಿಸಿದರು. ಈ ಎರಡು ಅಂಕಿಗಳ ನಡುವಣ ಕಂದರವನ್ನು ಬಡ ಉಮೇದುವಾರರು ದಾಟಬೇಕಾದರೆ ಸೇತುವೆ ಕಟ್ಟುವವರು ನೀವೇ. ಮತಕ್ಕೆ ಹಣ ತೆಗೆದುಕೊಳ್ಳದಿರುವುದು ಅರ್ಧ ಧರ್ಮ. ನಂಬಿಕೆಗೆ ಅರ್ಹರಾದವರಿಗೆ ಮತದ ಜೊತೆಗೆ ಹತ್ತು ರೂಪಾಯಿಯನ್ನೂ ಕೊಡುವುದು ಪೂರ್ಣ ಧರ್ಮ. ನೂರು ರೂಪಾಯಿಗೆ ಮತ ಮಾರಿದವನು ಐದು ವರುಷ ಬಾಯಿ ಮುಚ್ಚಿರಬೇಕಾಗುತ್ತದೆ. ಹತ್ತು ರೂಪಾಯಿ ಕೊಟ್ಟವನಿಗೆ ಐದು ವರುಷ ಲೆಕ್ಕ ಕೇಳುವ ಹಕ್ಕುಂಟು.

ಸರಕಾರಿ ಶಾಲೆಯ ಶಿಕ್ಷಕರು ಚುನಾವಣೆಯ ಪ್ರಚಾರದಲ್ಲಿ ಇಳಿಯತಕ್ಕದ್ದಲ್ಲ. ಆ ಕಟ್ಟಳೆ ಯೋಗ್ಯವಾದುದೇ. ಆದರೆ ಮತವೆಂದರೇನು, ಶಾಸನಸಭೆಯ ಕೆಲಸವೇನು ಎಂಬುದನ್ನು ತಿಳಿಯಹೇಳಲು ಯಾವ ಅಡ್ಡಿಯೂ ಇಲ್ಲ. ಪೌರಧರ್ಮವನ್ನು ಕಲಿತ ಮಗು ಮನೆಯ ಹಿರಿಯರಿಗೆ ಗುರುವಾಗಬಲ್ಲುದು.

ಮಹನೀಯರೇ, ನಮ್ಮ ಜಿಲ್ಲೆಯ ಮಸ್ಕಿಯಲ್ಲಿ ೧೯೧೫ರಲ್ಲಿ ದೊರೆತ ಬಂಡೆಯ ಶಾಸನವು ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳಿ ಲೋಕಪ್ರಸಿದ್ಧವಾಯಿತು. ದೊಡ್ಡವರಿಗೆ ಮಾತ್ರವಲ್ಲ, ಧರ್ಮದಲ್ಲಿ ನಡೆದರೆ ಸಣ್ಣವರಿಗೂ ಶ್ರೇಯಸ್ಸು ಸಾಧ್ಯವೆಂಬುದು ಅದರ ತಿರುಳು. ಎರಡು ಸಾವಿರ ವರುಷಗಳಿಗೂ ಹಿಂದೆ ನಮ್ಮ ಕಲ್ಲಿನಲ್ಲಿ ಕೆತ್ತಿದ ಆ ಮಾತನ್ನು ನಮ್ಮ ಕಾಲದ ಕಾಯಿದೆಯಲ್ಲಿ ಬರೆಯಿಸಬಲ್ಲವರನ್ನು ಹುಡುಕಿರಿ. ಅವರು ಬಡವರಾಗಿದ್ದರೆ ಕೈನೀಡಿರಿ. ಅಂಜಿದರೆ ಬೆನ್ನು ತಟ್ಟಿರಿ. ಗೆದ್ದ ಮೇಲೆ ಮರೆತರೆ ಬಾಗಿಲಿಗೆ ಹೋಗಿ ಎಚ್ಚರಿಸಿರಿ. ಕೊನೆಯ ತೂಬಿಗೆ ನೀರು ಮುಟ್ಟಿದ ದಿನವೇ ಮಾನ್ವಿಯವರು ಕನ್ನಡ ಪ್ರಾಂತದ ಪೂರ್ಣ ಪಾಲುಗಾರರಾದಂತೆ.