ಆಕಾಶದಲ್ಲಿ ಕರೆಂಟು ಹೋದಾಗ



ಪ್ರಯಾಣಿಕರ ವಿಮಾನದಲ್ಲಿ ಹಾರಾಟದ ನಡುವೆ ವಿದ್ಯುತ್ ಕೈಕೊಟ್ಟರೆ ಏನು ಮಾಡಬೇಕು ಎಂಬುದನ್ನು ಕೊಪ್ಪದ ಈ ಸಂಕಿರಣದಲ್ಲಿ ಕೂತು ಚರ್ಚಿಸುವುದು ಸಹಜವೇ. ಮಂಡಕಳ್ಳಿ ವಿಮಾನ ನಿಲ್ದಾಣ ನಮ್ಮ ಮೈಸೂರು ಜಿಲ್ಲೆಯಲ್ಲೇ ಇದೆ; 2018ರ ಡಿಸೆಂಬರಿನಿಂದ ಕಣ್ಣೂರಿನದೂ ಹತ್ತಿರವಾಗಿದೆ. ಆ ವಿಮಾನಗಳಲ್ಲಿ ಕೂರುವವರೂ, ನಾಳೆ ಅವುಗಳ ವೈರು ಪರೀಕ್ಷಿಸುವವರೂ ಈ ಸಭೆಯಲ್ಲೇ ಇದ್ದಾರೆ. ನಾನು ಮುಂದಿಡುವ ವಾದ ಒಂದೇ. ಹೋದ ವಿದ್ಯುತ್ತನ್ನು ವಾಪಸು ತರುವುದು ಪೈಲಟ್‌ನ ಮೊದಲ ಕೆಲಸವಲ್ಲ. ಏನು ಉಳಿದಿದೆ, ಅದು ಎಷ್ಟು ಹೊತ್ತು ಬರುತ್ತದೆ ಎಂದು ತಿಳಿದು, ಅಷ್ಟರಲ್ಲೇ ವಿಮಾನವನ್ನು ಹಾರಿಸಿ ಇಳಿಸುವುದು ಮೊದಲ ಕೆಲಸ. ದೋಷದ ಬೇರು ಹುಡುಕುವುದು ನೆಲದ ಮೇಲಿನವರ ಹೊಣೆ.

ನಮ್ಮ ಕಡೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಟ್ರಿಪ್ ಆದರೆ ಮತ್ತೆ ಗುಂಡಿ ಒತ್ತುತ್ತೇವೆ. ಮತ್ತೆ ಬಿದ್ದರೆ ಮತ್ತೆ ಒತ್ತುತ್ತೇವೆ. ಅದೇ ಅಭ್ಯಾಸ ಕಾಕ್‌ಪಿಟ್‌ಗೆ ಬಂದರೆ ಅಪಾಯ. ಸರ್ಕಿಟ್ ಬ್ರೇಕರ್ ತಾನಾಗಿ ಹೊರಬಂದಿದೆ ಎಂದರೆ ಎಲ್ಲೋ ಮಿತಿಮೀರಿ ವಿದ್ಯುತ್ ಹರಿದಿರಬಹುದು. ಕವಚ ಸವೆದ ತಂತಿಗೆ ಮತ್ತೆ ವಿದ್ಯುತ್ ಹರಿಸಿದರೆ ಅದು ಬೆಂಕಿಗೆ ದಾರಿಯಾಗಬಹುದು. 1998ರ ಸೆಪ್ಟೆಂಬರ್ 2ರಂದು ಕೆನಡಾದ ಕರಾವಳಿಯ ಸಮುದ್ರಕ್ಕೆ ಬಿದ್ದ ಸ್ವಿಸ್‌ಏರ್ 111 ವಿಮಾನದಲ್ಲಿ ಕಾಕ್‌ಪಿಟ್ ಹಿಂಬದಿಯ ಛಾವಣಿಯೊಳಗೆ ತಂತಿಯಿಂದ ಹಾರಿದ ಕಿಡಿ ಹೊದಿಕೆಗೆ ತಗುಲಿತು. ಮೊದಲ ವಾಸನೆ ಬಂದ ಸುಮಾರು 21 ನಿಮಿಷಗಳಲ್ಲಿ 229 ಜನರೂ ಇಲ್ಲವಾದರು. ಹಾರಾಟದಲ್ಲಿ ಬ್ರೇಕರ್ ಮುಟ್ಟುವುದಕ್ಕೆ ಇಂದಿರುವ ಬಿಗಿ ಇಂಥ ಸಾವುಗಳಿಂದ ಕಲಿತದ್ದು.

ಇನ್ನೊಂದು ಪ್ರಸಂಗ ನಮಗೆ ಇನ್ನೂ ಹತ್ತಿರದ್ದು, ಏಕೆಂದರೆ ದೇವನಹಳ್ಳಿಯಲ್ಲಿ ದಿನವೂ ಇಳಿದೇಳುವ ಏರ್‌ಬಸ್ ಎ320 ಮಾದರಿಯ ವಿಮಾನದಲ್ಲೇ ಅದು ನಡೆದದ್ದು. 2014ರ ಡಿಸೆಂಬರ್ 28ರಂದು ಸುರಬಯದಿಂದ ಸಿಂಗಪುರಕ್ಕೆ ಹೊರಟ ಏರ್‌ಏಷ್ಯಾ 8501ರಲ್ಲಿ ಬಾಲದ ಚುಕ್ಕಾಣಿಯಾದ ರಡರ್‌ನ ಚಲನೆಗೆ ಮಿತಿ ಹಾಕುವ ಘಟಕ ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟಿತು. ಕಾರಣ ಒಂದು ಎಲೆಕ್ಟ್ರಾನಿಕ್ ಹಲಗೆಯ ಬಿರುಕುಬಿಟ್ಟ ಬೆಸುಗೆ. ಮೂರು ಸಲ ಸಿಬ್ಬಂದಿ ಚೆಕ್‌ಲಿಸ್ಟ್ ಪ್ರಕಾರವೇ ನಡೆದರು. ನಾಲ್ಕನೆಯ ಸಲದ ದಾಖಲೆ ಬ್ರೇಕರ್ ಎಳೆದಾಗ ಆಗುವ ಬದಲಾವಣೆಗೆ ಹೊಂದುತ್ತದೆ ಎಂದು ಇಂಡೋನೇಷ್ಯಾದ ತನಿಖೆ ಹೇಳಿತು. ಆಟೊಪೈಲಟ್ ಹೋಯಿತು, ವಿಮಾನ ಎಡಕ್ಕೆ ವಾಲಿತು, ಗಾಬರಿಯಲ್ಲಿ ಮೂಗು ಮೇಲೆತ್ತಿದ್ದರಿಂದ ರೆಕ್ಕೆಗಳು ಎತ್ತುವ ಬಲ ಕಳೆದುಕೊಂಡವು. 162 ಜನ ಸತ್ತರು. ಆ ದೋಷವಿದ್ದರೂ ವಿಮಾನ ಸಿಂಗಪುರ ತಲುಪಬಹುದಿತ್ತು. ಸರಿಪಡಿಸಲು ಹೊರಟದ್ದೇ ಮುಳುವಾಯಿತು. ಆದರೆ ಪೈಲಟ್‌ರನ್ನಷ್ಟೇ ದೂರಿ ನಿಲ್ಲಿಸುವುದು ಅನ್ಯಾಯ. ಆ ವರ್ಷ ಅದೇ ವಿಮಾನದಲ್ಲಿ ಅದೇ ದೋಷ 23 ಸಲ ದಾಖಲಾಗಿತ್ತು. ಮೂರು ದಿನ ಮುಂಚೆ ನೆಲದ ಮೇಲೆ ಎಂಜಿನಿಯರೊಬ್ಬರು ಬ್ರೇಕರ್ ಎಳೆದು ಹಾಕಿದ್ದನ್ನು ಅದೇ ಕ್ಯಾಪ್ಟನ್ ಕಂಡಿದ್ದರು. ನೆಲದ ಮೇಲಿನ ರೂಢಿ ಆಕಾಶಕ್ಕೆ ಹತ್ತಿತು.

ನನ್ನ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಪರದೆಗಳೆಲ್ಲ ಕಪ್ಪಾದಾಗ ಕೈಕಟ್ಟಿ ಕೂರಬೇಕೆ? 2005ರ ಅಕ್ಟೋಬರ್ 22ರ ರಾತ್ರಿ ಲಂಡನ್ನಿನಿಂದ ಬುಡಾಪೆಸ್ಟ್‌ಗೆ ಏರುತ್ತಿದ್ದ ಬ್ರಿಟಿಷ್ ಏರ್‌ವೇಸ್ ಎ319ರಲ್ಲಿ ಇಬ್ಬರು ಪೈಲಟ್‌ರ ಮುಂದಿನ ಪರದೆಗಳೂ ರೇಡಿಯೋವೂ ಒಟ್ಟಿಗೆ ಹೋದವು. ಸುಮಾರು 90 ಸೆಕೆಂಡಿನಲ್ಲಿ, ಒಂದು ಸ್ವಿಚ್ ಬದಲಿಸಿ ಹೆಚ್ಚಿನದನ್ನು ವಾಪಸು ಪಡೆದರು. ಹಾಗಾದರೆ ಸ್ವಿಚ್ ಮುಟ್ಟಿದ್ದು ತಪ್ಪೆ? ಖಂಡಿತ ಅಲ್ಲ. ಆ ಸ್ವಿಚ್ ಇರುವುದೇ ಅದಕ್ಕಾಗಿ. ಮುಟ್ಟಲು ಚೆಕ್‌ಲಿಸ್ಟೇ ಹೇಳುತ್ತದೆ. ಒಬ್ಬರು ವಿಮಾನ ಹಾರಿಸುತ್ತಿರಬೇಕು, ಇನ್ನೊಬ್ಬರು ಓದಿ ಮಾಡಬೇಕು. ವಿನ್ಯಾಸಕಾರ ಮೊದಲೇ ಪರೀಕ್ಷಿಸಿಟ್ಟ ಹಾದಿಯಲ್ಲಿ ವಿದ್ಯುತ್ ಮರಳಿ ತರುವುದು ಬೇರೆ, ತನಗೆ ತೋಚಿದ ಬ್ರೇಕರ್ ಎಳೆಯುವುದು ಬೇರೆ. ಕ್ಯಾಪ್ಟನ್‌ನ ಅಧಿಕಾರಕ್ಕೆ ಇದರಿಂದ ಕುಂದಿಲ್ಲ. ಎಲ್ಲಿ, ಎಷ್ಟು ಬೇಗ ಇಳಿಯಬೇಕು ಎಂಬ ದೊಡ್ಡ ನಿರ್ಧಾರ ಅವರದೇ.

ಇನ್ನು ಕೆಲವರು ಹೇಳುವುದು: ಈಗಿನ ವಿಮಾನಗಳಲ್ಲಿ ಜನರೇಟರುಗಳು ಬೇಕಾದಷ್ಟಿವೆ, ಬೋಯಿಂಗ್ 787ರಲ್ಲಿ ಆರಿವೆ, ಪೂರ್ತಿ ಕತ್ತಲು ಬರುವುದೇ ಇಲ್ಲ. ಎಣಿಕೆಯನ್ನೇ ನಂಬಬಾರದು. 2008ರ ಜನವರಿ 7ರಂದು ಬ್ಯಾಂಕಾಕ್‌ಗೆ ಇಳಿಯುತ್ತಿದ್ದ ಕ್ವಾಂಟಾಸ್‌ನ 747ರ ನಾಲ್ಕೂ ಎಂಜಿನ್‌ಗಳು ಚೆನ್ನಾಗಿಯೇ ತಿರುಗುತ್ತಿದ್ದವು. ಮುಂಭಾಗದ ಅಡುಗೆ ಕಟ್ಟೆಯ ನೀರು ಹೋಗುವ ಕೊಳವೆ ಮಂಜುಗಡ್ಡೆಯಿಂದ ಕಟ್ಟಿಕೊಂಡು, ಉಕ್ಕಿದ ನೀರು ಕೆಳಗಿನ ಉಪಕರಣ ಕೋಣೆಗೆ ಇಳಿಯಿತು. ನಾಲ್ಕು ಜನರೇಟರುಗಳ ಪೈಕಿ ಮೂರರ ನಿಯಂತ್ರಕಗಳು ತೊಯ್ದು ನಿಂತುಹೋದವು. ಬೇರೆ ಬೇರೆ ಎಂಜಿನ್‌ಗಳಿಗೆ ಸೇರಿದವಾದರೂ ಅವು ಒಂದೇ ಸೋರಿಕೆಯ ಕೆಳಗಿದ್ದವು. ಮುಖ್ಯ ಉಪಕರಣಗಳು ಅರ್ಧ ಗಂಟೆಗೆಂದು ಇಟ್ಟ ಬ್ಯಾಟರಿಗೆ ಬಂದವು. ಹಗಲಿತ್ತು, ನಿಲ್ದಾಣ ಹತ್ತಿರವಿತ್ತು, ಸುರಕ್ಷಿತವಾಗಿ ಇಳಿದರು. ಇದೇ ನಡುಸಮುದ್ರದ ಮೇಲೆ ಆಗಿದ್ದರೆ ಬ್ಯಾಟರಿಯ ಅರ್ಧ ಗಂಟೆ ಯಾವ ನಿಲ್ದಾಣಕ್ಕೂ ಸಾಲುತ್ತಿರಲಿಲ್ಲ. 787ರ ಬ್ಯಾಟರಿಗಳೇ 2013ರ ಜನವರಿಯಲ್ಲಿ ಸುಟ್ಟು, ಏರ್ ಇಂಡಿಯಾದ ಆರೂ ಸೇರಿ ಜಗತ್ತಿನ ಎಲ್ಲ 787ಗಳು ತಿಂಗಳುಗಟ್ಟಲೆ ನೆಲದಲ್ಲೇ ನಿಂತವು.

ಆದ್ದರಿಂದ ಈ ಸಂಕಿರಣಕ್ಕೆ ನನ್ನ ಕೋರಿಕೆ ಎರಡು. ಪೈಲಟ್‌ರ ಗೋಷ್ಠಿ, ಎಂಜಿನಿಯರ್‌ಗಳ ಗೋಷ್ಠಿ ಎಂದು ಬೇರೆ ಮಾಡಬೇಡಿ. ಒಬ್ಬರ ರೂಢಿ ಇನ್ನೊಬ್ಬರ ಕೈಗೆ ಹೇಗೆ ದಾಟುತ್ತದೆ ಎಂಬುದನ್ನು ಇಬ್ಬರೂ ಒಟ್ಟಿಗೆ ಕೂತೇ ಪರಿಶೀಲಿಸಬೇಕು. ನಿರ್ವಹಣೆಯ ಕೆಲಸಕ್ಕೆ ಹೋಗಲಿರುವ ವಿದ್ಯಾರ್ಥಿಗಳೇ, ಒಂದೇ ದೋಷ ಎರಡನೆಯ ಸಲ ಲಾಗ್‌ಬುಕ್ಕಿನಲ್ಲಿ ಕಂಡರೆ 'ರೀಸೆಟ್ ಮಾಡಲಾಗಿದೆ' ಎಂದು ಬರೆದು ಸಹಿ ಹಾಕಬೇಡಿ. ಪೆಟ್ಟಿಗೆ ಬಿಚ್ಚಿಸಿ, ಬೆಸುಗೆ ನೋಡಿಸಿ, ಅದಾಗುವವರೆಗೆ ವಿಮಾನವನ್ನು ನಿಲ್ಲಿಸಿ.